ಮೊದಲು ಬಾವಿ, ಆಮೇಲೆ ಬಿಸಿಲು

ಮೊನ್ನೆ ಸಂಜೆಯಿಂದ ನನ್ನ ಮೊಬೈಲ್ ಫೋನು ಅಕ್ಕಿ ಡಬ್ಬಿಯಲ್ಲಿ ಮಲಗಿದೆ. ಬೀಜಾಡಿಯ ಕಡಲ ತಡಿಯಲ್ಲಿ ಕಾಲು ನೆನೆಸಿಕೊಳ್ಳುವ ಆಸೆಯಾಗಿ, ಪ್ಯಾಂಟು ಮಡಚಲು ಬಗ್ಗಿದ್ದೇ ತಡ, ಅಂಗಿ ಕಿಸೆಯಿಂದ ಜಾರಿತು. ಅಲೆಯೊಂದು ಬಂದು ಅದನ್ನು ಮರಳಿನಲ್ಲಿ ಅರ್ಧ ಹೂತು ಹಿಂದೆ ಸರಿಯಿತು. ನಾನು ಒಬ್ಬನೇ ಇದ್ದೆ. ಒಬ್ಬನೇ ಇರುವವನ ವಸ್ತು ನೀರಿಗೆ ಬಿದ್ದರೆ ‘ಅಯ್ಯೋ’ ಎನ್ನಲೂ ಜನ ಇರುವುದಿಲ್ಲ. ತಾನೇ ಅಂದು ತಾನೇ ಕೇಳಿಸಿಕೊಳ್ಳಬೇಕು.

ಕುಂದಾಪುರದಲ್ಲಿ ನಾನಿರುವುದು ಒಂದು ಮನೆಯ ಮಾಳಿಗೆ ಕೋಣೆಯಲ್ಲಿ. ಕೆಳಗಿರುವವರು ಮನೆಯ ಒಡತಿ ಸುಶೀಲಕ್ಕ, ಹಪ್ಪಳ ಮಾಡಿ ಅಂಗಡಿಗಳಿಗೆ ಕೊಡುವವರು. ನಾನು ಬಂದವನೇ ಫೋನಿನ ಬೆನ್ನು ಕಳಚಿ, ಬ್ಯಾಟರಿ, ಸಿಮ್ ಬಿಡಿಸಿಟ್ಟು, ಉಳಿದ ದೇಹವನ್ನು ಬಾವಿಕಟ್ಟೆಗೆ ಒಯ್ದೆ. ಒಂದು ಕೊಡಪಾನ ನೀರು ಸೇದಿ ಅದರಲ್ಲಿ ಒಮ್ಮೆ ಅದ್ದಿದೆ. ಆ ನೀರು ಚೆಲ್ಲಿ ಇನ್ನೊಂದು ಕೊಡಪಾನ, ಮತ್ತೊಮ್ಮೆ. ಮೂರನೇ ಸಲಕ್ಕೆ ಸುಶೀಲಕ್ಕ ಹಪ್ಪಳದ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು.

“ಹ್ವಾಯ್ ಮೇಷ್ಟ್ರೇ, ಎಂತ ಮಾಡ್ತ್ರಿ ನೀವ್? ನೀರಿಗ್ ಬಿದ್ದದ್ದನ್ನ ಮತ್ತೆ ನೀರಿಗೇ ಹಾಕುದಾ?”

ಈ ಪ್ರಶ್ನೆಯನ್ನು ನಾನು ಹಿಂದೊಮ್ಮೆ, ಇದೇ ಮಾತುಗಳಲ್ಲಿ, ಇನ್ನೊಬ್ಬರಿಗೆ ಕೇಳಿದ್ದೆ. ಅದಕ್ಕೇ ಫೋನು ಹಿಡಿದುಕೊಂಡು ಕೊಡಪಾನದೊಳಗೆ ನೋಡುತ್ತ ನಿಂತೆ. ಸುಶೀಲಕ್ಕ ಅದನ್ನು ಪೆದ್ದುತನ ಎಂದುಕೊಂಡು, ಫೋನನ್ನು ಕಸಿದುಕೊಂಡು, ಸೆರಗಿನಿಂದ ಒರೆಸಿ, ಅಕ್ಕಿಯಲ್ಲಿ ಹೂಳಬೇಕೆಂದು ತೀರ್ಪಿತ್ತರು. ಅದೂ ಕುಚ್ಚಿಗೆ ಅಕ್ಕಿಯಲ್ಲಿ ಅಲ್ಲ, ಬೇಯಿಸದ ಬೆಳ್ತಿಗೆ ಅಕ್ಕಿಯಲ್ಲಿ. ಕುಚ್ಚಿಗೆ ಅಕ್ಕಿ ಭತ್ತವಾಗಿದ್ದಾಗಲೇ ಬೆಂದು ಹೊಟ್ಟೆ ತುಂಬ ನೀರು ಕುಡಿದಿದೆಯಂತೆ, ಅದಕ್ಕೆ ಇನ್ನು ಬಾಯಾರಿಕೆ ಇಲ್ಲವಂತೆ. ಇದಕ್ಕೆ ಆಧಾರ ಏನು, ಎಷ್ಟು ಫೋನುಗಳಲ್ಲಿ ಪರೀಕ್ಷಿಸಿದ್ದೀರಿ, ಅಕ್ಕಿಗೆ ಹಾಕದೆ ಬರಿದೇ ಇಟ್ಟ ಫೋನು ಬದುಕಿದ್ದಿಲ್ಲವೇ ಎಂದೆಲ್ಲ ಕೇಳಬೇಕಾದವನು ನಾನು. ಕೇಳುವುದೇ ನನ್ನ ಕಸುಬು. ಪಿ.ಯು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ, ಸಂಜೆ ಮಕ್ಕಳಿಗೆ ಚರ್ಚಾಸ್ಪರ್ಧೆಗೆ ತರಬೇತಿ ಕೊಡುತ್ತೇನೆ. ಆದರೆ ಮೊನ್ನೆ ಕೇಳಲಿಲ್ಲ. ಸುಶೀಲಕ್ಕನ ಬೆಳ್ತಿಗೆ ಅಕ್ಕಿಯಲ್ಲೇ ಫೋನನ್ನು ಹೂತೆ.

ಎರಡು ದಿನವಾಯಿತು. ಈ ಎರಡು ದಿನದಲ್ಲಿ ಒಂದು ಸತ್ಯ ಪ್ರಯೋಗದಿಂದಲೇ ಸಿದ್ಧವಾಗಿದೆ: ನನ್ನ ಫೋನು ಬಂದ್ ಆಗಿರುವುದು ನಾನಾಗಿ ಹೇಳದೆ ಯಾರಿಗೂ ಗೊತ್ತಾಗಿಲ್ಲ. ‘ಎಂತ ಮರಾಯಾ, ಫೋನ್ ಹೋತಿಲ್ಲ’ ಎಂದು ಹುಡುಕಿಕೊಂಡು ಬರುವವರು ಯಾರಾದರೂ ಇದ್ದಾರೋ ಎಂದು ಮಾಳಿಗೆಯ ಕಿಟಕಿಯಿಂದ ಒಂದೆರಡು ಸಲ ನೋಡಿದ್ದೂ ಉಂಟು. ಬಂದದ್ದು ಗ್ಯಾಸಿನವನು ಮಾತ್ರ, ಅವನೂ ಕೆಳಗಿನ ಮನೆಗೆ.

ನಮ್ಮ ಕರಾವಳಿಯಲ್ಲಿ ಮಳೆಗಾಲ ಬಂತೆಂದರೆ ಮನುಷ್ಯರಿಗಿಂತ ಮೊದಲು ಯಂತ್ರಗಳಿಗೆ ಶೀತವಾಗುತ್ತದೆ. ಬಾರ್ಕೂರಿನ ನಮ್ಮ ಮನೆಯ ಟಿ.ವಿ. ಆಷಾಢದಲ್ಲಿ ಮೊದಲು ಸ್ವರ ಹೊರಡಿಸುತ್ತಿತ್ತು. ಮುಖ ತೋರಿಸುತ್ತಿದ್ದದ್ದು ಹತ್ತು ನಿಮಿಷ ಕಳೆದ ಮೇಲೆ. ಹಾಗಾಗಿ ವಾರ್ತೆ ನೋಡಬೇಕಾದ ಅಪ್ಪಯ್ಯ ಸ್ನಾನಕ್ಕೆ ಹೋಗುವ ಮೊದಲೇ ಅದನ್ನು ‘ಬಿಸಿಯಾಗಲಿ’ ಎಂದು ಹಚ್ಚಿಟ್ಟು ಹೋಗುತ್ತಿದ್ದರು. ನಮ್ಮಲ್ಲಿ ಸ್ನಾನದ ಹಂಡೆ ಮತ್ತು ಟಿ.ವಿ. ಒಟ್ಟಿಗೆ ಕಾಯುತ್ತಿದ್ದವು. ರಾತ್ರಿ ಅಬ್ಬಿ, ಅಂದರೆ ನಮ್ಮ ಅಮ್ಮ, ಅದಕ್ಕೆ ಹಳೆಯ ಹತ್ತಿ ಸೀರೆ ಹೊದಿಸುವಳು. ರಿಮೋಟಿಗೆ ಪ್ಲಾಸ್ಟಿಕ್ ಅಂಗಿ. ಮಿಕ್ಸಿಯ ಹತ್ತಿರ ಒಂದು ಅರವತ್ತು ಕ್ಯಾಂಡಲಿನ ಬಲ್ಬು, ಬಾಣಂತಿಯ ಹತ್ತಿರ ಕೆಂಡ ಇಟ್ಟ ಹಾಗೆ. ಇಷ್ಟೆಲ್ಲ ಸೇವೆ ಮಾಡಿಯೂ ಯಾವುದೋ ಒಂದು ಮುನಿಸಿಕೊಳ್ಳುವುದು. ಆಗ ಅಪ್ಪಯ್ಯ ಅದರ ಬೆನ್ನಿಗೆ ಒಂದು ಗುದ್ದುವರು, ಅದು ಮಾತಾಡುವುದು. ಅಪ್ಪಯ್ಯ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದರು, ಅವರಿಗೆ ಆ ವಿಧಾನದಲ್ಲಿ ನಂಬಿಕೆಯಿತ್ತು.

ಅವರಿಗೆ ಇನ್ನೊಂದರಲ್ಲೂ ನಂಬಿಕೆಯಿತ್ತು: ಮಕ್ಕಳು ಮಾತಾಡಲು ಕಲಿಯಬೇಕು. ಊಟವಾದ ಮೇಲೆ ಚಾವಡಿಯಲ್ಲಿ ಅವರು ಮರದ ಸ್ಟೂಲಿನ ಮೇಲೆ ಕೂರುವರು, ಕೈಯಲ್ಲಿ ಚಮಚ, ಮುಂದೆ ಸ್ಟೀಲಿನ ಲೋಟ. ಪರ ಅಕ್ಕ, ವಿರೋಧ ನಾನು, ಅಥವಾ ತಿರುಗಾಮುರುಗಾ. ‘ಹಳ್ಳಿ ಮೇಲೋ ಪಟ್ಟಣ ಮೇಲೋ’ ಎಂಬಲ್ಲಿಂದ ಹಿಡಿದು ‘ಹಲಸು ಮೇಲೋ ಮಾವು ಮೇಲೋ’ ಎಂಬಲ್ಲಿಯವರೆಗೆ. ಮೂರು ನಿಮಿಷಕ್ಕೆ ಲೋಟಕ್ಕೆ ಚಮಚದಿಂದ ಒಂದು ಟಣ್. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು, ಹೆಸರು ಗುಲಾಬಿ. ಮಾತಿನಲ್ಲಿ ಅವಳು ಬಿಡುತ್ತಿದ್ದವಳಲ್ಲ. ಆದರೆ ಅವಳಿಗೆ ಒಂದು ದೌರ್ಬಲ್ಯವಿತ್ತು. ತನಗೆ ಗೊತ್ತಿದ್ದದ್ದನ್ನು ಮಾತ್ರ ಹೇಳುತ್ತಿದ್ದಳು. ನನಗೆ ಆ ತೊಂದರೆ ಇರಲಿಲ್ಲ.

ನಾನು ಕುಂದಾಪುರದ ಕಾಲೇಜು ಸೇರುವ ಹೊತ್ತಿಗೆ ನಮ್ಮ ಅಡುಗೆಮನೆ ನನ್ನ ವಾಗ್ಮಿತೆಯಿಂದ ತುಂಬಿತ್ತು. ಆಗೆಲ್ಲ ಚರ್ಚಾಸ್ಪರ್ಧೆಗೆ ಸ್ಟೀಲು ಪಾತ್ರೆಗಳನ್ನೇ ಬಹುಮಾನ ಕೊಡುತ್ತಿದ್ದರು. ಊಟದ ಬಟ್ಟಲಿನಲ್ಲಿ ಅನ್ನ ಮುಗಿಸಿದರೆ ತಳದಲ್ಲಿ ‘ಪ್ರಥಮ’ ಎಂಬ ಅಕ್ಷರ ಕಾಣುತ್ತಿತ್ತು. ‘ನಿನ್ ಬಾಯಿಂದ ನಮ್ಗ್ ಒಂದ್ ಉಪಕಾರ ಆಯ್ತ್, ಪಾತ್ರ ತಕಂಬುದ್ ತಪ್ತ್’ ಎಂದು ಅಕ್ಕ ಹೇಳುತ್ತಿದ್ದಳು.

ಇನ್ನು ಉಪ್ಪಿನ ವಿಷಯ. ನಮ್ಮ ಮನೆಯ ಹಿಂದೆ ಹರಿಯುವ ಹೊಳೆ ಪೂರ್ತಿ ಹೊಳೆಯಲ್ಲ. ಕಡಲು ಹತ್ತಿರವಿರುವುದರಿಂದ ಭರತದ ಹೊತ್ತಿಗೆ ಉಪ್ಪುನೀರು ಒಳಗೆ ನುಗ್ಗುತ್ತದೆ. ಹೊಳೆಬದಿಯ ಜನಕ್ಕೆ ಅದಕ್ಕಾಗಿ ಒಂದು ರೂಢಿಯಿದೆ. ಉಪ್ಪುನೀರು ಮುಟ್ಟಿದ ಯಾವುದನ್ನೂ ನೇರವಾಗಿ ಬಿಸಿಲಿಗಿಡಬಾರದು. ಕತ್ತಿಯಿರಲಿ, ಸೈಕಲ್ಲಿನ ಚೈನಿರಲಿ, ದೋಣಿಯ ಮೊಳೆಯಿರಲಿ, ಮೊದಲು ಮೂರು ಸಲ ಬಾವಿಯ ಸಿಹಿನೀರು ತೋರಿಸಬೇಕು, ಆಮೇಲೆ ಒಣಗಿಸಬೇಕು. ‘ಮೊದ್ಲ್ ಬಾಮಿ, ಕಡಿಕೆ ಬಿಸ್ಲ್’ ಎಂದು ಅಬ್ಬಿ ಹೇಳುತ್ತಿದ್ದಳು, ಅವಳಿಗೆ ಅವಳ ಅಬ್ಬಿ ಹೇಳಿದ್ದು. ಯಾಕೆ ಎಂದು ನಾನು ಕೇಳಿದರೆ ‘ಅದ್ ಹಾಂಗೇ’ ಎಂಬ ಉತ್ತರ. ‘ಹಾಂಗೇ’ ಎಂಬುದು ಉತ್ತರವಲ್ಲ ಎಂದು ನಾನು ಹತ್ತನೇ ವಯಸ್ಸಿಗೇ ತೀರ್ಮಾನಿಸಿದ್ದೆ. ಮೂರು ಸಲ ಯಾಕೆ, ನಾಲ್ಕು ಯಾಕಲ್ಲ? ಹರಕೆಗೂ ಮೂರು ಸುತ್ತು, ಕತ್ತಿಗೂ ಮೂರು ಕೊಡಪಾನ. ಎರಡೂ ಒಂದೇ ಜಾತಿಯ ಮೂಢನಂಬಿಕೆ ಎಂದು ಪಟ್ಟಿಗೆ ಸೇರಿಸಿದ್ದೆ.

ತೊಂಬತ್ತೇಳರಲ್ಲಿ ಅಪ್ಪಯ್ಯನ ರೇಡಿಯೋ ಹೊಳೆಗೆ ಬಿತ್ತು. ಬೀಳಿಸಿದವನು ನಾನೇ. ಆಚೆ ದಡದ ನೆಂಟರ ಮನೆಯಿಂದ ದೋಣಿಯಲ್ಲಿ ಬರುವಾಗ, ಕ್ರಿಕೆಟ್ಟಿನ ವೀಕ್ಷಕ ವಿವರಣೆ ಕೇಳುತ್ತ ಎದ್ದು ನಿಂತಿದ್ದೆ. ಯಾರೋ ಔಟಾದರು, ನಾನು ಕುಣಿದೆ, ರೇಡಿಯೋ ಹೋಯಿತು. ದಡ ಹತ್ತಿರವಿದ್ದದ್ದರಿಂದ ಅಕ್ಕ ಸೊಂಟದವರೆಗಿನ ನೀರಿಗೆ ಇಳಿದು ಕಾಲಿನಲ್ಲಿ ತಡಕಿ ಎತ್ತಿದಳು. ಮನೆಗೆ ಬಂದವಳು ಸ್ಕ್ರೂ ಬಿಚ್ಚಿ, ಒಳಗಿನದನ್ನೆಲ್ಲ ಬಾವಿಕಟ್ಟೆಯಲ್ಲಿ ಮೂರು ಸಲ ತೊಳೆದು, ಬಚ್ಚಲೊಲೆಯ ಮೇಲೆ ಕೊಬ್ಬರಿ ಒಣಗಿಸುವ ಅಟ್ಟದಲ್ಲಿ ಇಟ್ಟಳು. ನಾಲ್ಕನೆಯ ದಿನ ರೇಡಿಯೋ ಮಾತಾಡಿತು. ಆಮೇಲೆ ಎಷ್ಟೋ ವರ್ಷ ನಮ್ಮ ಮನೆಯ ಪ್ರದೇಶ ಸಮಾಚಾರಕ್ಕೆ ಹೊಗೆ ಮತ್ತು ಕೊಬ್ಬರಿಯ ವಾಸನೆ ಇತ್ತು.

ತೊಳೆಯದಿದ್ದರೂ ಬದುಕುತ್ತಿತ್ತು ಎಂದು ನಾನು ಆಗಲೇ ವಾದಿಸಿದ್ದೆ. ಯಾರೂ ಕಿವಿಗೊಡಲಿಲ್ಲ, ಎಲ್ಲರೂ ರೇಡಿಯೋ ಕೇಳುತ್ತಿದ್ದರು.

ಅದರ ಮರುವರ್ಷ ಅಕ್ಕನಿಗೆ ಮುಂಬಯಿಯ ಸಂಬಂಧ ಬಂತು, ಮದುವೆಯಾಯಿತು, ಹೋದಳು. ಮೂರು ವರ್ಷದ ಮೇಲೆ ಒಂದು ಬೆಳಿಗ್ಗೆ ಬಾರ್ಕೂರಿನ ರೈಲ್ವೆ ಸ್ಟೇಶನ್ನಿನಿಂದ ರಿಕ್ಷಾದಲ್ಲಿ ಎರಡು ಚೀಲ ಇಟ್ಟುಕೊಂಡು ಒಬ್ಬಳೇ ಬಂದಳು. ಯಾಕೆ ಬಂದೆ ಎಂದು ಕೇಳಿದವರಿಗೆಲ್ಲ ‘ಅಲ್ಲಿ ನೀರಿಲ್ಲ’ ಎಂದಳು. ಮುಂಬಯಿಯಲ್ಲಿ ನೀರಿಗೆ ಸಾಲು ನಿಲ್ಲಬೇಕೆಂಬುದು ಊರಿಗೆಲ್ಲ ಗೊತ್ತಿದ್ದದ್ದರಿಂದ ಜನ ಆ ಉತ್ತರವನ್ನು ತಿರುಗಿಸಿ ಮುರುಗಿಸಿ ನೋಡಿ ಅಲ್ಲಿಗೇ ಬಿಟ್ಟರು. ಎಲ್ಲಕ್ಕೂ ಪುರಾವೆ ಕೇಳುವ ನಾನೂ ಅದಕ್ಕೆ ಮಾತ್ರ ಕೇಳಲಿಲ್ಲ.

ಅಕ್ಕ ಎರಡು ಬಳೆ ಮಾರಿ ಕಂಪ್ಯೂಟರ್ ತಂದಳು. ಮುಂಬಯಿಯಲ್ಲಿ ಕನ್ನಡ ಟೈಪಿಂಗ್ ಕಲಿತಿದ್ದಳಂತೆ, ನಮಗೆ ಅದೂ ಗೊತ್ತಿರಲಿಲ್ಲ. ನಮ್ಮ ಚಾವಡಿಯ ಮೂಲೆಯಲ್ಲಿ ಮೇಜು ಬಂತು. ಕಂಪ್ಯೂಟರ್ ಬಂದ ದಿನ ಅಬ್ಬಿ ಅದರ ಹಣೆಗೆ ಕುಂಕುಮ ಇಟ್ಟಳು. ಚಪ್ಪಲಿ ಹಾಕಿದವರು, ತಲೆ ಒದ್ದೆಯಿದ್ದವರು, ಕೈಯಲ್ಲಿ ಮೀನಿನ ವಾಸನೆಯಿದ್ದವರು ಅದರ ಬಳಿ ಹೋಗುವಂತಿರಲಿಲ್ಲ. ಆಮಂತ್ರಣ ಪತ್ರಿಕೆ, ಶ್ರಾದ್ಧದ ಕಾಗದ, ಹುಡುಗಿಯರ ಬಯೋಡಾಟಾ, ಯುವಕ ಮಂಡಲದ ಕರಪತ್ರ. ಕೆಲಸ ಬರತೊಡಗಿತು. ಟೈಪು ಮಾಡಿಸಲು ಬಂದವರು ಕುಳಿತು ಮಾತಾಡುತ್ತಿದ್ದರು. ಗಂಡನ ಮನೆ ಬಿಟ್ಟು ಬಂದವಳ ಹತ್ತಿರ ಎದುರೆದುರು ಏನು ಮಾತಾಡುವುದೆಂದು ತಿಳಿಯದ ಹೆಂಗಸರು ಕಂಪ್ಯೂಟರನ್ನು ನೋಡುತ್ತ ಅವಳ ಹತ್ತಿರ ಮಾತಾಡುತ್ತಿದ್ದರು. ಸಾಸ್ತಾನದ ಒಂದು ದೊಡ್ಡ ಕುಟುಂಬದವರು ತಮ್ಮ ವಂಶಾವಳಿ ಬರೆಸಲು ಕೊಟ್ಟಿದ್ದರು. ಆ ಮನೆಯ ಅಜ್ಜಿಯರು ಸರದಿಯಲ್ಲಿ ಬಂದು, ಎಲೆಯಡಿಕೆ ಹಾಕುತ್ತ, ಯಾರಿಗೆ ಯಾರು ಹುಟ್ಟಿದರೆಂದು ಜಗಳವಾಡಿ ಹೇಳುತ್ತಿದ್ದರು, ಅಕ್ಕ ಕಾಗದದಲ್ಲಿ ಬರೆಯದೆ ನೇರ ಕಂಪ್ಯೂಟರಿಗೇ ಹಾಕುತ್ತಿದ್ದಳು. ಅಪ್ಪಯ್ಯ ಒಮ್ಮೆ ಯಾರಿಗೋ ‘ಮಗಳ ಆಫೀಸು’ ಎಂದು ತೋರಿಸಿದ್ದು ನನಗೆ ನೆನಪಿದೆ. ಅವಳು ಮರಳಿ ಹೋಗಬೇಕೆಂಬ ಮಾತು ಮನೆಯಲ್ಲಿ ನಿಂತದ್ದೂ ಅಂದಿನಿಂದಲೇ. ಆ ಮೇಜು ಇರುವವರೆಗೆ ಆ ಮನೆಯಲ್ಲಿ ಅವಳು ಯಾರಿಗೂ ಉತ್ತರ ಹೇಳಬೇಕಿರಲಿಲ್ಲ.

ಎರಡು ಸಾವಿರದ ಮೂರೋ ನಾಲ್ಕೋ, ನಾನು ಕೊನೆಯ ವರ್ಷದ ಪದವಿಯಲ್ಲಿದ್ದೆ. ಮಳೆ ಮೂರು ದಿನ ಬಿಡಲಿಲ್ಲ. ಮೇಲಿನಿಂದ ಹೊಳೆ, ಕೆಳಗಿನಿಂದ ಭರತ. ಮಧ್ಯಾಹ್ನದ ಊಟದ ಹೊತ್ತಿಗೆ ನೀರು ಅಂಗಳಕ್ಕೆ ಬಂತು, ಕೈ ತೊಳೆಯುವಷ್ಟರಲ್ಲಿ ಚಾವಡಿಗೆ. ಅಕ್ಕ ಪ್ಲಗ್ ಕಿತ್ತಳು. ನಾನು ಮತ್ತು ಅಪ್ಪಯ್ಯ ಓಡಿಹೋಗಿ ಕಂಪ್ಯೂಟರನ್ನು ಎತ್ತಿ ಮಂಚದ ಮೇಲಿಟ್ಟೆವು. ಅಂದರೆ ಮಾನಿಟರನ್ನು. ಟಿ.ವಿ.ಯಂತೆ ಕಾಣುವ ಆ ಭಾರದ ಡಬ್ಬಿಯೇ ಕಂಪ್ಯೂಟರ್ ಎಂದು ಅಪ್ಪಯ್ಯ ನಂಬಿದ್ದರು. ನನಗೆ ಹಾಗಲ್ಲವೆಂದು ಗೊತ್ತಿತ್ತು, ಆದರೂ ಗಡಿಬಿಡಿಯಲ್ಲಿ ಕೈಗೆ ದೊಡ್ಡದಾಗಿ ಕಂಡದ್ದನ್ನೇ ಹಿಡಿದಿದ್ದೆ. ಕೆಳಗಿನದು, ಕೆಳಗಿನದು ಎಂದು ಅಕ್ಕ ಹಿಂದಿನಿಂದ ಹೇಳುತ್ತಲೇ ಇದ್ದಳು. ನೆಲದ ಮೇಲಿದ್ದ ಸಿ.ಪಿ.ಯು. ಅಷ್ಟರಲ್ಲಿ ಮುಳುಗಿತ್ತು.

ಮರುದಿನ ನೀರು ಇಳಿಯಿತು. ಅಬ್ಬಿ ಕೆಸರು ಬಳಿಯುತ್ತಿದ್ದಳು. ನಮ್ಮ ಬಾವಿ ದರೆಯ ಮೇಲೆ ಎತ್ತರದಲ್ಲಿದ್ದದ್ದರಿಂದ ಅದಕ್ಕೆ ಉಪ್ಪು ಸೇರಿರಲಿಲ್ಲ. ಅಕ್ಕ ಸಿ.ಪಿ.ಯು.ವಿನ ಮುಚ್ಚಳ ತೆಗೆದು ಬಾವಿಕಟ್ಟೆಯ ಮೇಲಿಟ್ಟು ಕೊಡಪಾನಕ್ಕೆ ನೀರು ಸೇದಿದಳು. ನಾನು ಹೋಗಿ ಅವಳ ಕೈ ಹಿಡಿದೆ. ನೀರಿಗೆ ಬಿದ್ದದ್ದನ್ನು ಮತ್ತೆ ನೀರಿಗೇ ಹಾಕುವುದಾ ಎಂದೆ.

ಅಪ್ಪಯ್ಯ ಅಲ್ಲಿಗೆ ಬಂದರು. ಅವರಿಗೂ ಹೆದರಿಕೆಯಿತ್ತು. ಹೆದರಿದಾಗ ಅವರು ಮಾಡುತ್ತಿದ್ದದ್ದು ಒಂದೇ: ಇಬ್ಬರನ್ನೂ ಎದುರೆದುರು ನಿಲ್ಲಿಸಿ, ಹೇಳಿ ಎಂದರು. ಲೋಟ, ಚಮಚ ಇರಲಿಲ್ಲ ಅಷ್ಟೆ. ಪ್ರವಾಹ ಇಳಿದ ಅಂಗಳದಲ್ಲಿ, ಮೊಣಕಾಲು ಕೆಸರಿನಲ್ಲಿ ನಿಂತು, ಮಗಳ ಕಂಪ್ಯೂಟರಿನ ಮೇಲೆ ಚರ್ಚಾಸ್ಪರ್ಧೆ ನಡೆಸಿದ ಮನೆ ಕರಾವಳಿಯಲ್ಲಿ ಇನ್ನೊಂದು ಇರಲಾರದು.

ಅಕ್ಕ ರೇಡಿಯೋದ ಕತೆ ಹೇಳಿದಳು. ಒಂದು ಉದಾಹರಣೆಯಿಂದ ನಿಯಮ ಹುಟ್ಟುವುದಿಲ್ಲ ಎಂದು ನಾನು ತಳ್ಳಿಹಾಕಿದೆ. ಕತ್ತಿ, ಸೈಕಲ್ಲು, ದೋಣಿ ಎಂದಳು. ಕತ್ತಿಗೆ ನೆನಪಿನ ಶಕ್ತಿ ಇಲ್ಲ, ಕಂಪ್ಯೂಟರಿಗೆ ಇದೆ, ಹೋಲಿಕೆ ಸಲ್ಲದು ಎಂದೆ. ಆಗ ಅವಳು ಕೊಡಪಾನ ಕೆಳಗಿಟ್ಟು, ನನ್ನನ್ನೇ ನೋಡಿ ಹೇಳಿದಳು:

“ಉಪ್ಪ್ ಒಣ್ಗುದಿಲ್ಲ ಮಾಣಿ. ನೀರ್ ಹೋತ್, ಉಪ್ಪ್ ಅಲ್ಲೇ ಕೂಕಂತ್.”

ಇಡೀ ವಾದ ಆ ಒಂದು ಸಾಲಿನಲ್ಲಿತ್ತು. ಅದನ್ನು ಕೇಳಿದಾಗ ನನ್ನೊಳಗೆ ಏನೋ ಒಂದು ಕ್ಷಣ ತಡೆಯಿತು ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ. ಆದರೆ ಎದುರಾಳಿ ಒಳ್ಳೆಯ ಮಾತು ಹೇಳಿದಾಗ ಏನು ಮಾಡಬೇಕೆಂದು ನನಗೆ ತರಬೇತಿಯಾಗಿತ್ತು. ಅದಕ್ಕೆ ಉತ್ತರಿಸಬಾರದು, ಸಭೆಯನ್ನು ನಗಿಸಬೇಕು.

“ನೀರಿಂದ ಹಾಳಾದ್ದಕ್ಕೆ ನೀರೇ ಮದ್ದ್ ಅಂದ್ರೆ, ಬೆಂಕಿ ಬಿದ್ದ ಮನಿಗೆ ಬೆಂಕಿಯೇ ಹಚ್ಚುವಾ,” ಎಂದೆ.

ಅಪ್ಪಯ್ಯ ನಕ್ಕರು. ಎರಡು ದಿನದಿಂದ ನಗದವರು ನಕ್ಕರು. ಕೆಸರು ಬಳಿಯುತ್ತಿದ್ದ ಅಬ್ಬಿಯೂ ನಕ್ಕಳು. ತೀರ್ಪು ಅಲ್ಲಿಗೇ ಆಯಿತು. ಅಕ್ಕ ಸೇದಿಟ್ಟ ನೀರಿನಲ್ಲಿ ತನ್ನ ಕಾಲಿನ ಕೆಸರು ತೊಳೆದುಕೊಂಡು ಒಳಗೆ ಹೋದಳು.

ಸಿ.ಪಿ.ಯು.ವನ್ನು ನಾನು ಬಟ್ಟೆಯಲ್ಲಿ ಒರೆಸಿದೆ, ಫ್ಯಾನಿಗೆ ಹಿಡಿದೆ, ಬಿಸಿಲು ಬಂದಾಗ ಬಿಸಿಲಿಗಿಟ್ಟೆ, ಬಾರದಾಗ ಬಲ್ಬಿನ ಬಳಿ. ಬಾಣಂತನ ಮಾಡಿದೆ ಎನ್ನಿ. ಆರನೆಯ ದಿನ ಗುಂಡಿ ಒತ್ತಿದರೆ, ನಂಬಿ, ಅದು ಎದ್ದಿತು. ಪರದೆ ಬೆಳಗಿತು, ವಂಶಾವಳಿಯ ಅಜ್ಜ ಮುತ್ತಜ್ಜಂದಿರೆಲ್ಲ ತಂತಮ್ಮ ಜಾಗದಲ್ಲಿದ್ದರು. ನಾನು ಚಾವಡಿಯಲ್ಲಿ ನಿಂತು ವೈಜ್ಞಾನಿಕ ಮನೋಭಾವದ ಬಗ್ಗೆ ಒಂದು ಚಿಕ್ಕ ಭಾಷಣವನ್ನೇ ಮಾಡಿದೆ. ಅಕ್ಕ ಕೇಳಿ, “ಇಪ್ಪುಕ್ಕೂ ಸಾಕ್,” ಎಂದಳು. ಇದ್ದರೂ ಇರಬಹುದು ಎಂಬುದಕ್ಕೆ ನಮ್ಮ ಕಡೆ ಹೀಗೆನ್ನುತ್ತಾರೆ. ಆ ಸಂಜೆ ಅವಳು ಫ್ಲಾಪಿಗಳನ್ನು ತಂದು ಎಲ್ಲವನ್ನೂ ನಕಲು ಮಾಡಿಡಲು ಕುಳಿತಳು. ನಾನು ಹಿಂದೆ ನಿಂತು, ಸೋತ ಪಕ್ಷದವರ ಲಕ್ಷಣ ಇದು ಎಂದೆ. ಅವಳು ಎರಡು ಫ್ಲಾಪಿ ತುಂಬಿಸಿ ಎದ್ದುಬಿಟ್ಟಳು.

ಒಂಬತ್ತು ದಿನ ಓಡಿತು. ಒಂಬತ್ತನೆಯ ದಿನ ಮದುವೆ ಪತ್ರಿಕೆಯೊಂದರ ನಡುವೆ ಪರದೆ ಕಪ್ಪಾಯಿತು. ಮುಚ್ಚಳ ತೆಗೆದು ನೋಡಿದೆ. ಒಳಗಿನ ಹಸಿರು ಸರ್ಕ್ಯೂಟ್ ಪಟ್ಟಿಯ ಮೇಲೆ, ಸೂಜಿಮೊನೆಯಷ್ಟು ಸಣ್ಣ ಕಾಲುಗಳ ಸುತ್ತ, ಬಿಳಿ ಹುಡಿ ಮತ್ತು ತಾಮ್ರದ ಕಿಲುಬು. ಹಳೆಯ ಹಂಡೆಯ ತಳದ ವಾಸನೆ. ಉಪ್ಪು ಕುಳಿತಿತ್ತು. ಕುಳಿತು ಒಂಬತ್ತು ದಿನ ತನ್ನ ಕೆಲಸ ಮಾಡಿತ್ತು. ಬ್ರಹ್ಮಾವರದ ರಿಪೇರಿಯವರು ಅದನ್ನು ನೋಡಿ, ಅವತ್ತೇ ಸಿಹಿನೀರಿನಲ್ಲಿ ತೊಳೆದಿದ್ದರೆ ಏನಾದರೂ ಮಾಡಬಹುದಿತ್ತು ಎಂದರು. ಅವರಿಗೆ ನಮ್ಮ ಮನೆಯ ಚರ್ಚೆಯ ಬಗ್ಗೆ ಏನೂ ಗೊತ್ತಿರಲಿಲ್ಲ.

ಎರಡು ಫ್ಲಾಪಿಯಲ್ಲಿ ಉಳಿದದ್ದು ಕೆಲವು ಬಯೋಡಾಟಾ. ಸಾಸ್ತಾನದ ಅಜ್ಜಿಯರು ಇನ್ನೊಮ್ಮೆ ಬಂದು ಹೇಳಲು ಒಪ್ಪಲಿಲ್ಲ, ಒಮ್ಮೆ ಇತ್ಯರ್ಥವಾದ ಜಗಳವನ್ನು ಮತ್ತೆ ಆಡಲು ಅವರಿಗೆ ಶಕ್ತಿಯಿರಲಿಲ್ಲ. ಪತ್ರಿಕೆಯವರು ಬ್ರಹ್ಮಾವರಕ್ಕೆ ಹೋದರು. ಚಾವಡಿಯ ಮೇಜಿನ ಮುಂದೆ ಕುಳಿತು ಮಾತಾಡುತ್ತಿದ್ದ ಹೆಂಗಸರು ಬರುವುದನ್ನು ಬಿಟ್ಟರು. ನೋಡುತ್ತ ಮಾತಾಡಲು ಅಲ್ಲಿ ಏನೂ ಇರಲಿಲ್ಲವಲ್ಲ. ತಿಂಗಳೊಳಗೆ ‘ಮುಂದೆ ಎಂತ?’ ಎಂಬ ಪ್ರಶ್ನೆ ಮತ್ತೆ ಮನೆಯೊಳಗೆ ಓಡಾಡತೊಡಗಿತು. ಮುಂಬಯಿಗೆ ಒಂದು ಕಾಗದ ಬರೆದರೆ ಹೇಗೆ ಎಂದು ಅಪ್ಪಯ್ಯ ನನ್ನ ಹತ್ತಿರ ಕೇಳಿದ ದಿನ ಅಕ್ಕ ಅಡುಗೆಮನೆಯಲ್ಲಿದ್ದಳು. ಕೇಳಿಸಿಕೊಂಡಿರಬೇಕು. ಆ ವಾರವೇ ಬೈಂದೂರಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಕೆಲಸ ಹಿಡಿದು, ಅಲ್ಲಿಯೇ ಒಂದು ಕೋಣೆ ಮಾಡಿಕೊಂಡು ಹೋದಳು. ರೈಲಿಗೆ ಬಿಡಲು ಹೋದವನು ನಾನು. ದಾರಿಯಿಡೀ ಆ ಕಾಗದದ ಮಾತು ಅಪ್ಪಯ್ಯ ಗಟ್ಟಿಯಾಗಿ ಹೇಳಿದ್ದಲ್ಲ ಎಂದು ನಾಲ್ಕು ಕಾರಣ ಕೊಟ್ಟು ವಿವರಿಸಿದೆ. ಹೌದು ಎಂದಳು. ಬೈಂದೂರು ದೂರವೇನಲ್ಲ ಎಂದೆ. ಅದಕ್ಕೂ ಹೌದು ಎಂದಳು.

ಅಲ್ಲಿಂದ ಶುರುವಾಯಿತು.

ಅಕ್ಕ ನನ್ನ ಹತ್ತಿರ ಮಾತು ಬಿಟ್ಟಳೆಂದು ತಿಳಿಯಬೇಡಿ. ಮಾತು ಬಿಟ್ಟವರನ್ನು ಮಾತಾಡಿಸುವುದು ನನಗೆ ಗೊತ್ತು, ಅದಕ್ಕೆ ದಾರಿಗಳಿವೆ. ಅಕ್ಕ ವಾದ ಬಿಟ್ಟಳು. ನಾನು ಏನು ಹೇಳಿದರೂ ‘ಇಪ್ಪುಕ್ಕೂ ಸಾಕ್.’ ಕುಂದಾಪುರದಲ್ಲಿ ಕೆಲಸ ಸಿಕ್ಕಿದ ಮೇಲೆ ತಿಂಗಳಿಗೊಮ್ಮೆ ಅವಳಲ್ಲಿಗೆ ಬಸ್ಸು ಹತ್ತುತ್ತೇನೆ. ರಾಜಕೀಯ ಮಾತಾಡಿದ್ದೇನೆ, ದೇವರ ಬಗ್ಗೆ ಮಾತಾಡಿದ್ದೇನೆ, ಅವಳಿಗೆ ಇಷ್ಟವಾದ ಧಾರಾವಾಹಿಯನ್ನು ಹೀನಾಯವಾಗಿ ಬಯ್ದಿದ್ದೇನೆ. ಇಪ್ಪುಕ್ಕೂ ಸಾಕ್. ಒಮ್ಮೆ ಹತಾಶನಾಗಿ, ಬೈಂದೂರಿನಲ್ಲಿ ಕಡಲು ಪೂರ್ವಕ್ಕಿದೆ ಎಂದು ಹೇಳಿ ನೋಡಿದೆ. ಸಂಜೆಯ ಹೊತ್ತು, ಸೂರ್ಯ ಅವಳ ಕಿಟಕಿಯ ಎದುರು ಕಡಲ ಕಡೆಗೇ ಇಳಿಯುತ್ತಿದ್ದ. ಅಕ್ಕ ಒಮ್ಮೆ ಕಿಟಕಿಯತ್ತ ನೋಡಿ, ಇದ್ದರೂ ಇರಬಹುದು ಎಂದು ಚಾ ಸೋಸಿದಳು. ನಾನು ಹೊರಟೆ ಎಂದರೆ ಆಯಿತು ಹೋಗು. ಉಳಿಯುತ್ತೇನೆ ಎಂದರೆ ಆಯಿತು ಇರು.

ಗೆಲ್ಲುವವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ. ಎದುರು ಗೋಡೆಯೇ ಇಲ್ಲದಿದ್ದರೆ ಚೆಂಡು ಹೊಡೆದವನು ತಾನೇ ಹೋಗಿ ಹೆಕ್ಕಿಕೊಂಡು ಬರಬೇಕು. ನಾನು ಎಷ್ಟೋ ವರ್ಷದಿಂದ ಹೆಕ್ಕುತ್ತಿದ್ದೇನೆ. ಆಮೇಲೆ ರಾಜ್ಯಮಟ್ಟದಲ್ಲೂ ಗೆದ್ದೆ. ಬಹುಮಾನವಾಗಿ ಕೊಟ್ಟ ಟ್ರೋಫಿಯನ್ನು ಮನೆಗೆ ತಂದಾಗ ಅಬ್ಬಿ ಅದರಲ್ಲಿ ಕಾಳು ಹಿಡಿಯುತ್ತದೋ ನೋಡಿ, ಹಿಡಿಯುವುದಿಲ್ಲವೆಂದು ಮೇಲಿಟ್ಟಳು. ‘ನಿನ್ ಬಾಯಿಂದ’ ಎಂದು ಶುರುಮಾಡುವವರು ಯಾರೂ ಇರಲಿಲ್ಲ. ಈಗ ತರಗತಿಯ ಮಕ್ಕಳಿಗೆ ಖಂಡನೆಯ ಏಳು ವಿಧಗಳನ್ನು ಕಲಿಸುತ್ತೇನೆ. ಎದುರಾಳಿಯನ್ನು ನಗೆಯಿಂದ ಹೊಡೆಯುವ ವಿಧಾನವನ್ನು ಮಾತ್ರ ಕಲಿಸುವುದಿಲ್ಲ. ಯಾಕೆ ಸಾರ್ ಎಂದು ಒಬ್ಬಳು ಕೇಳಿದಳು. ಅದು ಹಾಗೆಯೇ ಎಂದೆ.

ನಿನ್ನೆ ಕಾಲೇಜಿಗೆ ರಜೆ. ಫೋನು ಅಕ್ಕಿಯಲ್ಲಿದ್ದದ್ದರಿಂದ ಬರುತ್ತೇನೆಂದು ಮುಂಚೆ ಹೇಳುವ ದಾರಿಯಿರಲಿಲ್ಲ. ಹಾಗೇ ಬಸ್ಸು ಹತ್ತಿದೆ. ಜೆರಾಕ್ಸ್ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಅಕ್ಕ ಯಾರದೋ ಜಾಗದ ಅರ್ಜಿ ಟೈಪು ಮಾಡುತ್ತಿದ್ದಳು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ. ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, ಫೋನು ಕಡಲಿಗೆ ಬಿದ್ದದ್ದು, ಬಾವಿಕಟ್ಟೆಯಲ್ಲಿ ಮೂರು ಸಲ ಅದ್ದಿ ತೆಗೆದದ್ದು, ಸುಶೀಲಕ್ಕ ಕೇಳಿದ್ದು ಎಲ್ಲ ಹೇಳಿದೆ. ಅವಳು ಟೈಪು ಮಾಡುತ್ತಲೇ ಇದ್ದಳು. ಸುಶೀಲಕ್ಕನಿಗೆ ನೀನು ಏನು ಉತ್ತರ ಕೊಟ್ಟೆ ಎಂದು ಕೇಳುತ್ತಾಳೆಂದು ಕಾದೆ. ಕೇಳಲಿಲ್ಲ.

ಬಸ್ಸಿನಲ್ಲಿ ಬರುವಾಗ ನಾನು ತಯಾರಿ ಮಾಡಿಕೊಂಡಿದ್ದೆ. ಪೀಠಿಕೆ ಇತ್ತು, ಹಿನ್ನೆಲೆ ಇತ್ತು. ಬಾಯಿ ತೆರೆದಾಗ ಅವು ಯಾವುವೂ ಬರಲಿಲ್ಲ.

“ಅಕ್ಕಾ, ಅವತ್ತ್ ಬಾಮಿಕಟ್ಟಿ ಹತ್ರ ನೀ ಹೇಳದ್ದೇ ಸಮ. ನಂದೇ ತಪ್ಪ್.”

ಕೀಲಿಮಣೆಯ ಸದ್ದು ನಿಂತಿತು. ಇಪ್ಪುಕ್ಕೂ ಸಾಕ್ ಎನ್ನುತ್ತಾಳೆ ಎಂದುಕೊಂಡೆ. ಇಲ್ಲವಾದರೆ, ಬಿಡು, ಹಳೇ ಕತೆ, ನಿನ್ನ ತಪ್ಪೇನಿದೆ ಎನ್ನುತ್ತಾಳೆ. ನಿಜ ಹೇಳಬೇಕೆಂದರೆ ನಾನು ಅಷ್ಟು ದೂರ ಹೋದದ್ದೇ ಆ ಎರಡನೆಯ ಮಾತಿಗಾಗಿ. ಒಂದು ಸಲ, ಒಂದೇ ಒಂದು ಸಲ, ಅವಳು ನನ್ನ ಮಾತನ್ನು ಅಲ್ಲಗಳೆಯಲಿ ಎಂದು.

ಅಕ್ಕ ಕುರ್ಚಿ ತಿರುಗಿಸಿ ನನ್ನ ಮುಖ ನೋಡಿದಳು.

“ಹೌದ್,” ಎಂದಳು. “ನಿಂದೇ ತಪ್ಪ್.”

ಆ ಕ್ಷಣದಲ್ಲೇ ನನ್ನ ತಲೆಯೊಳಗೆ ಪ್ರತಿವಾದಿ ಎದ್ದು ನಿಂತ. ಮೂರು ಅಂಶಗಳು ಸಾಲಾಗಿ ಬಂದವು. ಒಂದು, ತೀರ್ಪು ಕೊಟ್ಟವರು ಅಪ್ಪಯ್ಯ. ಎರಡು, ನನಗಾಗ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಮೂರು, ತೊಳೆದಿದ್ದರೂ ಖಂಡಿತ ಬದುಕುತ್ತಿತ್ತೆಂದು ಯಾರೂ ಹೇಳಲಾರರು. ಮೂರೂ ಸರಿಯಾದ ಅಂಶಗಳೇ. ಯಾವ ತೀರ್ಪುಗಾರರ ಮುಂದೆ ಬೇಕಾದರೂ ನಿಲ್ಲುತ್ತವೆ. ಅಕ್ಕನೂ ಅವುಗಳಿಗೇ ಕಾಯುತ್ತಿದ್ದಳೆಂದು ಕಾಣುತ್ತದೆ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಸ್ವಲ್ಪ ಮುಂದೆ ಬಾಗಿ, ಚಾವಡಿಯಲ್ಲಿ ನನ್ನ ಸರದಿ ಬಂದಾಗ ಕೇಳಿಸಿಕೊಳ್ಳಲು ಕೂರುತ್ತಿದ್ದ ಹಾಗೆಯೇ ಕುಳಿತಿದ್ದಳು.

ಆ ಮೂರನ್ನೂ ನಾನು ಅಲ್ಲೇ ಬಿಟ್ಟೆ. ರಸ್ತೆಯಲ್ಲಿ ಒಂದು ಲಾರಿ ಹೋಯಿತು, ಅದರ ಹಿಂದೆ ಇನ್ನೊಂದು. ಎದುರಿನ ಹೋಟೆಲಿನವರು ಮಧ್ಯಾಹ್ನದ ಊಟದ ಬೋರ್ಡು ಹೊರಗಿಟ್ಟರು. ಎಷ್ಟು ಹೊತ್ತು ಕಳೆಯಿತೋ ಗೊತ್ತಿಲ್ಲ. ಮೂರು ನಿಮಿಷಕ್ಕಿಂತ ಹೆಚ್ಚೇ ಇರಬೇಕು. ಕುಳಿತಿರಲಾರದೆ ಎದ್ದೆ. ಒಂದು ಗಂಟೆಯ ಬಸ್ಸಿಗೆ ಹೋಗುತ್ತೇನೆ ಎಂದೆ.

“ಬ್ಯಾಡ,” ಎಂದಳು ಅಕ್ಕ. “ಎಂತ ಒಂದ್ ಗಂಟಿ ಬಸ್ಸ್? ಅದ್ ಎಲ್ಲಾ ಕಡಿ ನಿಲ್ತ್, ನಾಲ್ಕ್ ಗಂಟಿಗಾದ್ರೂ ಮುಟ್ಟುದಿಲ್ಲ. ಕೂಕೋ ಅಲ್ಲಿ.”

ಆ ಬಸ್ಸು ಎರಡೂಕಾಲಿಗೆಲ್ಲ ಕುಂದಾಪುರ ಮುಟ್ಟುತ್ತದೆ. ತಿಂಗಳು ತಿಂಗಳು ಅದರಲ್ಲೇ ಹೋಗುವವನು ನಾನು, ನನಗೆ ಗೊತ್ತು.

ಕುಳಿತುಕೊಂಡೆ.